ಕಾಫಿ ತೋಟದ ಕೆಲಸ ಕಿಡ್ನಿ ಹಾಳುಮಾಡುತ್ತದೆಯೇ? ಫಾರ್ವರ್ಡ್ ಒತ್ತುವ ಮುನ್ನ ಇಷ್ಟು ತಿಳಿದಿರಲಿ

"ತೋಟಕ್ಕೆ ಹೊಡೆಯುವ ಔಷಧಿಯಿಂದ ಕೂಲಿ ಕೆಲಸದವರ ಕಿಡ್ನಿ ಫೇಲ್ ಆಗುತ್ತಿದೆ, ಎಲ್ಲರಿಗೂ ತಿಳಿಸಿ." "ದಿನಕ್ಕೆ ಐದು ಲೀಟರ್ ನೀರು ಕುಡಿದರೆ ಕಿಡ್ನಿ ಕಾಯಿಲೆ ಹತ್ತಿರವೂ ಸುಳಿಯುವುದಿಲ್ಲ." "ಈ ಬೇರಿನ ಕಷಾಯ ಕುಡಿದರೆ ಡಯಾಲಿಸಿಸ್ ಬೇಡವೇ ಬೇಡ." ಇಂಥ ಸಾಲುಗಳು ನಮ್ಮೆಲ್ಲರ ವಾಟ್ಸಾಪ್ ಗುಂಪುಗಳಿಗೆ ಆಗಾಗ ಬಂದು ಬೀಳುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರಿಗೆ ಇವು ಬರೀ ಓದಿ ಬಿಡುವ ಸುದ್ದಿಯಲ್ಲ. ಮನೆಯಲ್ಲಿ ಒಬ್ಬರಾದರೂ ತೋಟದ ಕೆಲಸಕ್ಕೆ ಹೋಗುವವರಿರುತ್ತಾರೆ, ಇಲ್ಲವೇ ತೋಟಕ್ಕೆ ಆಳು ಕರೆಸುವವರಿರುತ್ತಾರೆ.

ಈ ಮೂರು ಸಾಲುಗಳಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ಕಾಲು ಸತ್ಯ, ಮೂರನೆಯದು ಅಪಾಯ. ಆದರೆ ಸುಳ್ಳು ಎಂದು ತಳ್ಳಿಹಾಕಿ ಕೈ ತೊಳೆದುಕೊಂಡರೆ ಸಾಲದು. ಜಗತ್ತಿನ ಹಲವು ಕಡೆ ಹೊಲ, ಗದ್ದೆ, ತೋಟಗಳಲ್ಲಿ ದುಡಿಯುವವರ ಕಿಡ್ನಿ ನಿಜವಾಗಿಯೂ ಹಾಳಾಗುತ್ತಿದೆ. ಅದು ಎಲ್ಲಿ, ಯಾರಿಗೆ, ಏಕೆ ಎಂಬುದನ್ನು ನೋಡಿದರೆ ನಮ್ಮ ಕಾಫಿ ಗುಡ್ಡಗಳಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ತಿಳಿಯಾಗುತ್ತದೆ.

ಕಿಡ್ನಿ ಸದ್ದಿಲ್ಲದೆ ಸೋಲುವ ಅಂಗ

ನಮ್ಮ ಬೆನ್ನಿನ ಕೆಳಭಾಗದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಇರುವ ಈ ಎರಡು ಅಂಗಗಳಲ್ಲಿ ತಲಾ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ದೇಹ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ. ಸೋಸುಕಗಳು ಒಂದೊಂದಾಗಿ ಸತ್ತರೂ ಉಳಿದವು ಹೆಚ್ಚು ದುಡಿದು ಸರಿದೂಗಿಸುತ್ತವೆ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗುವ ತನಕ ನೋವಿಲ್ಲ, ಊತವಿಲ್ಲ, ಯಾವ ಸೂಚನೆಯೂ ಇಲ್ಲ.

ಸೋಸುವ ವೇಗವನ್ನು ವೈದ್ಯರು ಇಜಿಎಫ್‌ಆರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಇದನ್ನು ಲೆಕ್ಕ ಹಾಕುತ್ತಾರೆ. ಈ ಅಂಕಿ 60ಕ್ಕಿಂತ ಕೆಳಗಿದ್ದು, ಮೂರು ತಿಂಗಳು ಕಳೆದರೂ ಹಾಗೇ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. "ಮೂರು ತಿಂಗಳು" ಎಂಬ ಮಾತನ್ನು ನೆನಪಿನಲ್ಲಿಡಿ. ಜ್ವರವಿದ್ದ ದಿನ, ವಾಂತಿ ಭೇದಿಯಾದ ಮರುದಿನ, ಬಿಸಿಲಲ್ಲಿ ದುಡಿದು ಬಂದ ಸಂಜೆ ಕ್ರಿಯಾಟಿನಿನ್ ಏರಿರಬಹುದು. ಒಂದು ಚೀಟಿ ನೋಡಿ "ಕಿಡ್ನಿ ಹೋಯಿತು" ಎಂದು ಕೂರುವುದೂ ತಪ್ಪು, ಮತ್ತೆ ಪರೀಕ್ಷೆ ಮಾಡಿಸದೆ ಮರೆಯುವುದೂ ತಪ್ಪು.

ನಮ್ಮ ದೇಶದಲ್ಲಿ ಈ ಕಾಯಿಲೆಯ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಭಾರತದ ಕಿಡ್ನಿ ರೋಗಿಗಳ ನೋಂದಣಿಯಲ್ಲಿ ಐವತ್ತೆರಡು ಸಾವಿರಕ್ಕೂ ಹೆಚ್ಚು ಜನರ ವಿವರ ಸೇರಿದಾಗ, ಶೇ. 31ರಷ್ಟು ಜನರಿಗೆ ಸಕ್ಕರೆ ಕಾಯಿಲೆಯಿಂದ, ಶೇ. 13ರಷ್ಟು ಜನರಿಗೆ ರಕ್ತದೊತ್ತಡದಿಂದ ಬಂದಿತ್ತು. ಅದೇ ಪಟ್ಟಿಯಲ್ಲಿ ಶೇ. 16ರಷ್ಟು ರೋಗಿಗಳ ಮುಂದೆ "ಕಾರಣ ತಿಳಿದಿಲ್ಲ" ಎಂದು ಬರೆಯಲಾಗಿತ್ತು. ನಮ್ಮ ಕಥೆ ಶುರುವಾಗುವುದು ಈ ಗುಂಪಿನಿಂದ.

ಕಬ್ಬಿನ ಗದ್ದೆಯಲ್ಲಿ ಸಿಕ್ಕ ಒಗಟು

2002ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ವೈದ್ಯರು ಒಂದು ವಿಚಿತ್ರವನ್ನು ಬರೆದು ಪ್ರಕಟಿಸಿದರು. ರಾಜಧಾನಿಯ ದೊಡ್ಡಾಸ್ಪತ್ರೆಗೆ ಕಿಡ್ನಿ ಪೂರ್ತಿ ಸೋತು ಬರುತ್ತಿದ್ದವರಲ್ಲಿ ಬಹುಪಾಲು ಜನರಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ, ರಕ್ತದೊತ್ತಡವೂ ಇರಲಿಲ್ಲ. ಹೆಚ್ಚಿನವರು ಗಂಡಸರು, ಕರಾವಳಿಯ ಬಯಲಿನಲ್ಲಿ ಹೊಲದ ಕೆಲಸ ಮಾಡುವವರು. ಪಕ್ಕದ ನಿಕರಾಗುವಾದ ಕಬ್ಬು ಕಡಿಯುವವರಲ್ಲೂ ಇದೇ ಕಂಡಿತು. ಶ್ರೀಲಂಕಾದ ಅನುರಾಧಪುರ, ಪೊಲೊನ್ನರುವ ಕಡೆಯ ಭತ್ತದ ರೈತರಲ್ಲಿ 1990ರ ದಶಕದಿಂದಲೇ ಇಂಥ ಕಾಯಿಲೆ ಕಾಣಿಸಿಕೊಂಡಿತ್ತು.

ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ಜಾಗ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ. ತೆಂಗು, ಗೋಡಂಬಿ ತೋಟಗಳಿಂದ ಹಸಿರಾಗಿರುವ ಸೀಮೆ ಅದು. ಅಲ್ಲಿನ ಹಳ್ಳಿಗಳಲ್ಲಿ ಮನೆಮನೆಗೂ ಕಿಡ್ನಿ ರೋಗಿಗಳು ಎನ್ನುವ ಸ್ಥಿತಿ ಬಂದ ಮೇಲೆ, 2023ರ ಡಿಸೆಂಬರ್‌ನಲ್ಲಿ ಪಲಾಸದಲ್ಲಿ ಕಿಡ್ನಿ ಸಂಶೋಧನಾ ಕೇಂದ್ರ ಮತ್ತು 200 ಹಾಸಿಗೆಗಳ ಆಸ್ಪತ್ರೆ ತೆರೆಯಲಾಯಿತು. ನಮ್ಮ ಕಾರವಾರದ ಗಡಿಗೆ ಅಂಟಿಕೊಂಡಿರುವ ಗೋವಾದ ಕಾಣಕೋಣ ತಾಲ್ಲೂಕೂ ಇಂಥ ಊರುಗಳ ಪಟ್ಟಿಯಲ್ಲಿ ಬರುತ್ತದೆ.

ಈ ಕಾಯಿಲೆಗೆ ಕೆಲವು ಗುರುತುಗಳಿವೆ. ಇದು ಕಿಡ್ನಿಯ ಸೋಸುಕಕ್ಕಿಂತ, ಸೋಸಿದ್ದನ್ನು ಮರಳಿ ಹೀರುವ ಸಣ್ಣ ನಾಳಗಳನ್ನು ಮೊದಲು ಹಿಡಿಯುತ್ತದೆ. ಹಾಗಾಗಿ ಮೂತ್ರದಲ್ಲಿ ಪ್ರೋಟೀನ್ ಅಷ್ಟಾಗಿ ಹೋಗುವುದಿಲ್ಲ. ಮೂತ್ರ ಪರೀಕ್ಷೆಯೊಂದನ್ನೇ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದಾಗ ಮಾತ್ರ ಸತ್ಯ ಹೊರಬೀಳುತ್ತದೆ. 30, 40ರ ವಯಸ್ಸಿನಲ್ಲೇ ದುಡಿಯುವ ಜನ ಡಯಾಲಿಸಿಸ್‌ಗೆ ಬರುತ್ತಾರೆ.

ಇದಕ್ಕೆ ಒಂದೇ ಕಾರಣ ಎಂದು ವಿಜ್ಞಾನಿಗಳು ಒಪ್ಪಿಕೊಂಡಿಲ್ಲ. ಬಿಸಿಲಿನಲ್ಲಿ ಮೈಮುರಿಯುವ ದುಡಿಮೆ ಮತ್ತು ಮತ್ತೆಮತ್ತೆ ದೇಹದ ನೀರು ಆರುವುದು, ಇದು ಮಧ್ಯ ಅಮೆರಿಕದ ಅಧ್ಯಯನಗಳಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿರುವ ವಾದ. ಶ್ರೀಲಂಕಾದಲ್ಲಿ ಕುಡಿಯುವ ನೀರಿನ ಗಡಸುತನ, ಫ್ಲೋರೈಡ್, ಕೃಷಿ ರಾಸಾಯನಿಕಗಳ ಕಡೆಗೆ ಹೆಚ್ಚು ಬೊಟ್ಟು ಮಾಡಲಾಗಿದೆ.

ಕಾಫಿ ಬೆಳೆಯುವ ಗುಡ್ಡಗಳು ಹೇಳಿದ್ದೇನು?

ಫಾರ್ವರ್ಡ್‌ಗಳಲ್ಲಿ ಎಂದೂ ಬರದ ಸಂಗತಿ ಇಲ್ಲಿದೆ. ಈ ಒಗಟನ್ನು ಬಿಡಿಸಲು ಸಂಶೋಧಕರು ಹೋಲಿಕೆಗಾಗಿ ಕಾಫಿ ಬೆಳೆಯುವ ಗುಡ್ಡದ ಊರುಗಳಿಗೂ ಹೋಗಿದ್ದರು.

2012ರಲ್ಲಿ ಪ್ರಕಟವಾದ ಎಲ್ ಸಾಲ್ವಡಾರ್‌ನ ಅಧ್ಯಯನದಲ್ಲಿ ಐದು ಊರುಗಳ ಜನರ ರಕ್ತ ಪರೀಕ್ಷೆ ಮಾಡಲಾಯಿತು. ಕರಾವಳಿಯ ಬಯಲಿನ ಊರುಗಳ ಗಂಡಸರಲ್ಲಿ ಶೇ. 18ರಷ್ಟು ಮಂದಿಯ ಇಜಿಎಫ್‌ಆರ್ 60ಕ್ಕಿಂತ ಕೆಳಗಿತ್ತು. ಸಮುದ್ರಮಟ್ಟದಿಂದ 500 ಮೀಟರಿಗಿಂತ ಮೇಲಿನ ಊರುಗಳಲ್ಲಿ ಅದು ಶೇ. 1 ಮಾತ್ರ. ಮೇಲಿನ ಊರುಗಳಲ್ಲಿ ಕಾಫಿ ತೋಟದ ಊರೂ ಇತ್ತು, ಕಬ್ಬು ಬೆಳೆಯುವ ಊರೂ ಇತ್ತು. ಅಂದರೆ ಅದೇ ಕಬ್ಬು ಬಯಲಿನ ಸೆಕೆಯಲ್ಲಿ ಕಿಡ್ನಿ ಕೆಡಿಸುವ ಕೆಲಸ, ತಂಪು ಎತ್ತರದಲ್ಲಿ ಹಾಗಲ್ಲ. 2010ರಲ್ಲಿ ನಿಕರಾಗುವಾದ ಐದು ಹಳ್ಳಿಗಳನ್ನು ಹೋಲಿಸಿದಾಗಲೂ ಗಣಿ ಮತ್ತು ಕಬ್ಬು, ಬಾಳೆ ಬೆಳೆಯುವ ಹಳ್ಳಿಗಳಿಗಿಂತ ಕಾಫಿ ಹಳ್ಳಿಯಲ್ಲಿ ತೊಂದರೆ ಬಹಳ ಕಡಿಮೆ ಇತ್ತು.

ಚಿಕ್ಕಮಗಳೂರು ಪಟ್ಟಣ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಮೂಡಿಗೆರೆಯೂ ಅದಕ್ಕೆ ಹತ್ತಿರ. ನಮ್ಮಲ್ಲಿ ಕಾಫಿ ಬೆಳೆಯುವುದು ಹಲಸು, ಅತ್ತಿ, ನಂದಿ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ. ಅರೇಬಿಕಾ ಕೊಯ್ಲು ನಡೆಯುವುದು ನವೆಂಬರಿನಿಂದ ಜನವರಿ ತನಕ, ಚಳಿಗಾಲದಲ್ಲಿ. ಸುಟ್ಟ ಕಬ್ಬಿನ ಗದ್ದೆಯಲ್ಲಿ, ಮರದ ನೆರಳೇ ಇಲ್ಲದ ಬಯಲಿನಲ್ಲಿ ಮಚ್ಚು ಬೀಸುವ ಕೆಲಸಕ್ಕೂ ಇದಕ್ಕೂ ಅಜಗಜಾಂತರ. ಉದ್ದಾನಂ ಅಥವಾ ನಿಕರಾಗುವಾದ ಚಿತ್ರವನ್ನು ಹಾಗೇ ಎತ್ತಿ ತಂದು ಕಾಫಿ ಗುಡ್ಡದ ಮೇಲೆ ಅಂಟಿಸುವುದು ಸರಿಯಲ್ಲ.

ಹಾಗೆಂದು "ನಮ್ಮ ಕಡೆ ಭಯವಿಲ್ಲ" ಎಂದು ನಿಟ್ಟುಸಿರು ಬಿಡುವಂತಿಲ್ಲ. ಅದೇ ಎಲ್ ಸಾಲ್ವಡಾರ್ ಅಧ್ಯಯನದಲ್ಲಿ ಇನ್ನೊಂದು ಪಾಠವಿದೆ. ಗಂಡಸರಲ್ಲಿ ಕಿಡ್ನಿ ತೊಂದರೆ ಹೆಚ್ಚಿದ್ದುದು ಕರಾವಳಿಯ ಕಬ್ಬು, ಹತ್ತಿ ತೋಟಗಳಲ್ಲಿ ಹೆಚ್ಚು ವರ್ಷ ದುಡಿದವರಿಗೆ. ಎಂದರೆ ಇವತ್ತು ಎಲ್ಲಿದ್ದಾರೆ ಎಂಬುದಷ್ಟೇ ಅಲ್ಲ, ಹಿಂದೆ ಎಲ್ಲಿ, ಎಷ್ಟು ವರ್ಷ, ಎಂಥ ಬಿಸಿಲಲ್ಲಿ ದುಡಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಲೈನ್ ಮನೆಗಳಲ್ಲಿ ಇರುವವರು ಬಯಲುಸೀಮೆಯಿಂದ, ತಮಿಳುನಾಡಿನಿಂದ, ಈಚೆಗೆ ಅಸ್ಸಾಂ ಕಡೆಯಿಂದಲೂ ಬಂದವರು. ಕೊಯ್ಲು ಮುಗಿದ ಮೇಲೆ ಬೇರೆ ಊರಿನಲ್ಲಿ ಕಲ್ಲುಕ್ವಾರಿಗೋ ಕಟ್ಟಡ ಕೆಲಸಕ್ಕೋ ಹೋಗುವವರಿದ್ದಾರೆ. ಗುಡ್ಡ ತಂಪಾಗಿದೆ ಎಂದು ಅವರ ಕಿಡ್ನಿಗೆ ಖಾತರಿ ಕೊಡಲಾಗದು.

ಒಂದೇ ಊರು, ಎರಡು ಅಂಕಿ

ಪಕ್ಕದ ಶಿವಮೊಗ್ಗದ ಹಳ್ಳಿಗಳಲ್ಲಿ 2,091 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಂದು ಸೂತ್ರದಲ್ಲಿ ಲೆಕ್ಕ ಹಾಕಿದಾಗ ಶೇ. 6.3ರಷ್ಟು ಜನರಿಗೆ ಕಿಡ್ನಿ ಕಾಯಿಲೆ ಎಂದು ಬಂತು. ಅದೇ ಜನ, ಅದೇ ರಕ್ತ, ಇನ್ನೊಂದು ಹಳೆಯ ಸೂತ್ರ ಬಳಸಿದಾಗ ಶೇ. 16.5 ಎಂದು ಬಂತು. ಯಾರೂ ಸುಳ್ಳು ಹೇಳಲಿಲ್ಲ, ಅಳತೆಗೋಲು ಬೇರೆಯಾಯಿತು ಅಷ್ಟೆ.

ಆದ್ದರಿಂದ "ನೂರಕ್ಕೆ ಇಷ್ಟು ಜನರ ಕಿಡ್ನಿ ಹೋಗಿದೆ" ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಯಾರನ್ನು ಪರೀಕ್ಷಿಸಿದರು, ಆಸ್ಪತ್ರೆಗೆ ಬಂದವರನ್ನೋ ಊರಿನ ಎಲ್ಲರನ್ನೋ? ಒಂದು ಸಲವೋ, ಮೂರು ತಿಂಗಳ ನಂತರ ಮತ್ತೊಮ್ಮೆಯೋ? ಯಾವ ಲೆಕ್ಕದಿಂದ? ಉತ್ತರವಿಲ್ಲದ ಅಂಕಿಯನ್ನು ಮುಂದೆ ಕಳಿಸಬೇಡಿ.

ಮಲೆನಾಡಿನಲ್ಲಿ ಕಿಡ್ನಿಗೆ ನಿಜವಾಗಿ ಏಟು ಕೊಡುವುದು ಯಾವುದು?

ಮೊದಲನೆಯದು ಇಲಿ ಜ್ವರ. ಇಲಿ, ಹೆಗ್ಗಣ, ದನಕರುಗಳ ಮೂತ್ರದಿಂದ ಕೆಸರು ಮತ್ತು ನಿಂತ ನೀರಿಗೆ ಸೇರುವ ಬ್ಯಾಕ್ಟೀರಿಯಾ, ಕಾಲಿನ ಬಿರುಕು, ಗಾಯಗಳ ಮೂಲಕ ಮೈಗೆ ಹೊಗುತ್ತದೆ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಗದ್ದೆಗೆ, ಅಡಿಕೆ ತೋಟದ ಕಪ್ಪಿಗೆ ಇಳಿಯುವವರಿಗೆ ಅಪಾಯ ಹೆಚ್ಚು. ಏಕಾಏಕಿ ಜ್ವರ, ಕಾಲಿನ ಮೀನಖಂಡ ಹಿಂಡಿದಂತೆ ನೋವು, ಕಣ್ಣು ಕೆಂಪಾಗುವುದು, ಆಮೇಲೆ ಕಾಮಾಲೆ, ಮೂತ್ರ ಕಡಿಮೆಯಾಗುವುದು ಇದರ ದಾರಿ. ಬೇಗ ಹಿಡಿದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ನಿಂದಲೇ ವಾಸಿಯಾಗುತ್ತದೆ. ತಡವಾದರೆ ಕಿಡ್ನಿ ನಿಂತು ಡಯಾಲಿಸಿಸ್ ಬೇಕಾಗಬಹುದು. ಮಲೆನಾಡಿನಲ್ಲಿ ಡೆಂಗ್ಯೂ ಇದೆ, ಮಂಗನ ಕಾಯಿಲೆಯೂ ಇದೆ. ಜ್ವರ ಬಂದಾಗ "ಮಳೆಯಲ್ಲಿ ನೆಂದಿದ್ದಕ್ಕೆ" ಎಂದು ನಾಲ್ಕೈದು ದಿನ ಕಾಯುವುದು ಬೇಡ.

ಎರಡನೆಯದು ಕಡಿತ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿ ಕಿಡ್ನಿಯನ್ನು ನಿಲ್ಲಿಸಬಲ್ಲದು. ತೋಟದ ತರಗೆಲೆಯಲ್ಲಿ ಕಾಣದಂತೆ ಮಲಗುವ, ಮೂಗಿನ ತುದಿ ಮೇಲೆದ್ದಿರುವ ಸಣ್ಣ ಕುಳಿಮಂಡಲವೂ ಕೆಲವೊಮ್ಮೆ ಕಿಡ್ನಿಗೆ ತೊಂದರೆ ಕೊಡುತ್ತದೆ. ನಮ್ಮಲ್ಲಿ ಸಿಗುವ ಹಾವಿನ ವಿಷದ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಿಸಿದ್ದು. ಹಾಗಾಗಿ ಕುಳಿಮಂಡಲ ಕಡಿದವರನ್ನು ಆಸ್ಪತ್ರೆಯಲ್ಲಿಟ್ಟು ರಕ್ತ, ಮೂತ್ರ ನೋಡುತ್ತಿರಬೇಕಾಗುತ್ತದೆ. "ಸಣ್ಣ ಹಾವು, ಏನೂ ಆಗಲ್ಲ" ಎಂದು ಮನೆಗೆ ಹೋಗಬಾರದು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕೆಂದು ಕರ್ನಾಟಕ 2024ರಲ್ಲಿ ನಿಯಮ ಮಾಡಿದೆ. ಮರಗಸಿ ಮಾಡುವಾಗ, ಮೆಣಸು ಕೊಯ್ಯುವಾಗ ಹೆಜ್ಜೇನು ಅಥವಾ ಕಣಜ ಎದ್ದು ಮೈತುಂಬಾ ಕಚ್ಚಿದರೂ ಸ್ನಾಯು ಕರಗಿ ಕಿಡ್ನಿ ಕಟ್ಟಿಕೊಳ್ಳಬಹುದು. ಊತ ಇಳಿಯಿತೆಂದು ಸುಮ್ಮನಿರದೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಕ್ಷಣ ಹೋಗಬೇಕು.

ಮೂರನೆಯದು ನೋವಿನ ಮಾತ್ರೆ. ಇದು ಎಲ್ಲಕ್ಕಿಂತ ಮೌನವಾದ ಶತ್ರು. ಇಡೀ ದಿನ ಇಳಿಜಾರಿನಲ್ಲಿ ಮೂಟೆ ಹೊತ್ತವರು ಸಂಜೆ ಅಂಗಡಿಯಲ್ಲಿ "ಮೈಕೈ ನೋವಿಗೆ ಒಂದು ಮಾತ್ರೆ" ಎಂದು ಕೇಳಿ ನುಂಗುತ್ತಾರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಈ ಗುಂಪಿನವು. ದೇಹದಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಹೋಗುವ ರಕ್ತನಾಳವನ್ನು ಅಗಲವಾಗಿ ಹಿಡಿದಿಡುವ ರಾಸಾಯನಿಕವೊಂದನ್ನು ಈ ಮಾತ್ರೆಗಳು ತಡೆಯುತ್ತವೆ. ಬೆವರಿ ಒಣಗಿದ ಮೈಯಲ್ಲಿ ಇವನ್ನು ನುಂಗಿದರೆ ಕಿಡ್ನಿಗೆ ರಕ್ತದ ಹರಿವೇ ಕುಗ್ಗುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ ಸೇರಿದರೆ ಏಟು ಇನ್ನೂ ಜೋರು. ಒಂದು ದಿನದ ಮಾತ್ರೆಗೆ ಯಾರೂ ಹೆದರಬೇಕಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ತಿನ್ನುವುದು ಅಪಾಯ. ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕಿಡ್ನಿಗೆ ಇವುಗಳಿಗಿಂತ ಸುರಕ್ಷಿತ.

ನಾಲ್ಕನೆಯದು ನೀರು ಕುಡಿಯದಿರುವುದು. ಇದಕ್ಕೆ ಕಾರಣ ಅಜ್ಞಾನವಲ್ಲ. ತೋಟದ ನಡುವೆ ಶೌಚಾಲಯವಿಲ್ಲ, ಮರೆಗೆ ಹೋದರೆ ಜಿಗಣೆ, ಹಾವು, ಜೊತೆಗೆ ಗಂಡಾಳುಗಳು. ಆದ್ದರಿಂದ ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ಯುವಾಗ ಗಂಡಸರೂ ಅಷ್ಟೆ, ನೀರಿಗೆ ಹೋಗಿ ಬರುವ ಹತ್ತು ನಿಮಿಷ ಕೂಲಿಯಲ್ಲಿ ಕಳೆಯುತ್ತದೆ. ನೀರು ಕಡಿಮೆಯಾದರೆ ಉರಿಮೂತ್ರ, ಮೂತ್ರದ ಸೋಂಕು, ಕಲ್ಲು ಬರುವ ಸಾಧ್ಯತೆ ಹೆಚ್ಚು. ಸೋಂಕು ಮೇಲೇರಿದರೆ ಕಿಡ್ನಿಗೇ ತಗಲುತ್ತದೆ. ಪದೇಪದೇ ಮೂತ್ರದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿದವರಿಗೆ ಸೋಂಕು ಸುಮಾರು ಅರ್ಧಕ್ಕೆ ಇಳಿದಿತ್ತು. ಇಲ್ಲಿ ಬೇಕಾದದ್ದು "ನೀರು ಕುಡಿಯಿರಿ" ಎಂಬ ಉಪದೇಶಕ್ಕಿಂತ ಮೊದಲು ಒಂದು ಶೌಚಾಲಯ.

ಐದನೆಯದು ಎಲ್ಲ ಕಡೆ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ. "ಮೈಬಗ್ಗಿಸಿ ದುಡಿಯುವವರಿಗೆ ಶುಗರ್ ಬರಲ್ಲ" ಎಂಬುದು ಹಳೆಯ ನಂಬಿಕೆ. ಬರುತ್ತದೆ. ಪರೀಕ್ಷೆ ಮಾಡಿಸದೆ ಇರುವುದರಿಂದ ತಡವಾಗಿ ಗೊತ್ತಾಗುತ್ತದೆ ಅಷ್ಟೆ.

ಹಾಗಾದರೆ ಔಷಧಿ ಹೊಡೆಯುವುದು?

ತೋಟದಲ್ಲಿ "ಔಷಧಿ" ಎಂಬ ಒಂದೇ ಮಾತಿಗೆ ಹತ್ತು ಅರ್ಥ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬೇರೆ, ಬೆರ್ರಿ ಬೋರರ್ ಮತ್ತು ಕಾಂಡಕೊರಕಕ್ಕೆ ಹೊಡೆಯುವ ಕೀಟನಾಶಕ ಬೇರೆ, ಕಳೆನಾಶಕ ಬೇರೆ. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ "ಕಿಡ್ನಿ ವಿಷ" ಎನ್ನುವ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ.

ಖಚಿತವಾಗಿ ಗೊತ್ತಿರುವುದು ಇಷ್ಟು. ಮೈಲುತುತ್ತ ಹೊಟ್ಟೆಗೆ ಹೋದರೆ ರಕ್ತಕಣಗಳು ಒಡೆದು ಕಿಡ್ನಿ ಕೆಡುತ್ತದೆ. ಪ್ಯಾರಾಕ್ವಾಟ್ ಕಳೆನಾಶಕ ಹೊಟ್ಟೆಗೆ ಹೋದರೆ ಕಿಡ್ನಿ, ಶ್ವಾಸಕೋಶ ಎರಡೂ ಹೋಗುತ್ತವೆ, ಅದಕ್ಕೆ ಪ್ರತಿವಿಷವಿಲ್ಲ. ಹಾಗಾಗಿ ಉಳಿದದ್ದನ್ನು ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದಿಡುವುದು ಕೊಲೆಗೆ ಸಮ. ಗ್ಲೈಫೋಸೇಟ್ ಮತ್ತು ಗಡಸು ನೀರು ಸೇರಿ ಶ್ರೀಲಂಕಾದ ಕಾಯಿಲೆ ಬಂತು ಎಂಬ ವಾದವನ್ನು 2014ರಲ್ಲಿ ಕೆಲವು ಸಂಶೋಧಕರು ಮುಂದಿಟ್ಟರು. ಶ್ರೀಲಂಕಾ 2015ರಲ್ಲಿ ಅದನ್ನು ನಿಷೇಧಿಸಿ, 2018ರಲ್ಲಿ ಚಹಾ ಮತ್ತು ರಬ್ಬರ್ ತೋಟಗಳಿಗೆ ಸಡಿಲಿಸಿತು. ಆ ವಾದ ಇನ್ನೂ ಸಾಬೀತಾಗಿಲ್ಲ, ಪೂರ್ತಿ ಬಿದ್ದೂ ಹೋಗಿಲ್ಲ. ನಮ್ಮ ಕೇಂದ್ರ ಸರ್ಕಾರವೂ 2022ರ ಅಕ್ಟೋಬರ್‌ನಲ್ಲಿ, ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಗ್ಲೈಫೋಸೇಟ್ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಶ್ರೀಲಂಕಾದ ಒಣ ಸೀಮೆಯ ಕೊಳವೆಬಾವಿ ನೀರಿಗೂ ನಮ್ಮ ಗುಡ್ಡದಿಂದ ಇಳಿಯುವ ಅಬ್ಬಿ ನೀರಿಗೂ ವ್ಯತ್ಯಾಸವಿದೆ ಎಂಬುದನ್ನೂ ಮರೆಯಬಾರದು.

ಸಾಬೀತಾಗುವ ತನಕ ಕಾಯದೆ ಮಾಡಬಹುದಾದದ್ದು ಬಹಳ ಇದೆ. ಕೈಗವಸು, ಬೂಟು, ಮೂಗು ಬಾಯಿಗೆ ಸರಿಯಾದ ಮಾಸ್ಕ್ ಕೊಡಬೇಕು. ಗಾಳಿಗೆ ಎದುರಾಗಿ ಹೊಡೆಯಬಾರದು. ಬರಿಗೈಯಲ್ಲಿ ಕದಡಬಾರದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆದು, ಬಟ್ಟೆ ಬದಲಿಸಿಯೇ ಊಟಕ್ಕೆ ಕೂರಬೇಕು. ಹೊಡೆಯುವವರೇ ಇದನ್ನೆಲ್ಲ ಕೊಂಡು ತರಲಿ ಎನ್ನುವುದು ನ್ಯಾಯವಲ್ಲ.

ಸೊಪ್ಪು, ಬೇರು, ಹುಳಿಯ ವಿಷಯ

"ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ" ಎಂಬ ಸಾಲು ಕಿಡ್ನಿಯ ವಿಷಯದಲ್ಲಿ ಅತ್ಯಂತ ಅಪಾಯಕಾರಿ. ಹಾವು ಕಡಿತಕ್ಕೆ ಮದ್ದೆಂದು ಹೇಳುವ ಈಶ್ವರಿ ಬೇರಿನಲ್ಲಿ ಅರಿಸ್ಟೊಲೊಕಿಕ್ ಆಮ್ಲವಿದೆ. ಅದು ಕಿಡ್ನಿಯನ್ನು ಮರಳಿ ಬಾರದಂತೆ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರ್‌ಗೂ ಕಾರಣವಾಗುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಇದೇ ಜಾತಿಯ ಗಿಡ ಬೆರೆತ ಮೂಲಿಕೆ ಸೇವಿಸಿದ ಅನೇಕ ಮಹಿಳೆಯರ ಕಿಡ್ನಿ ಹಾಳಾಗಿತ್ತು.

ಕೊಲೆಸ್ಟ್ರಾಲ್ ಇಳಿಸಲು ಬಿಂಬುಳಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡ ಹತ್ತು ರೋಗಿಗಳ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ನಾಳಗಳನ್ನು ಮುಚ್ಚುತ್ತದೆ. ಸಾರಿಗೆ ಒಂದೆರಡು ಬಿಂಬುಳಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಕಿಡ್ನಿ ಕಾಯಿಲೆ ಈಗಾಗಲೇ ಇರುವವರು ಅದರ ಬಳಗದ ದಾರೆಹುಳಿಯನ್ನೂ ಮುಟ್ಟಬಾರದು, ಬಿಕ್ಕಳಿಕೆಯಿಂದ ಶುರುವಾಗಿ ಎಚ್ಚರ ತಪ್ಪುವ ತನಕ ಹೋಗಬಹುದು.

"ಐದು ಲೀಟರ್ ನೀರು" ಎಂಬ ಸಲಹೆಯೂ ಎಲ್ಲರಿಗೂ ಅಲ್ಲ. ಕಿಡ್ನಿ ಅಥವಾ ಹೃದಯ ಸೋತು ಕಾಲು ಊದಿದವರಿಗೆ ವೈದ್ಯರು ನೀರನ್ನು ಅಳೆದು ಕೊಡುತ್ತಾರೆ. ಅವರಿಗೆ ಈ ಫಾರ್ವರ್ಡ್ ಕಳಿಸಿದರೆ ಉಪಕಾರವಾಗದು. ಆರೋಗ್ಯವಂತರಿಗೆ ಸರಳ ಅಳತೆ ಇದೆ: ಮೂತ್ರ ತಿಳಿ ಹಳದಿ ಇದ್ದರೆ ಸಾಕು, ಗಾಢ ಹಳದಿಯಾದರೆ ನೀರು ಬೇಕು.

ಏನು ಮಾಡಿದರೆ ಕಿಡ್ನಿ ಉಳಿಯುತ್ತದೆ ಎಂಬುದು ಗೊತ್ತಿದೆ

ಕಾರಣದ ಬಗ್ಗೆ ವಾದ ನಡೆಯುತ್ತಿರುವಾಗಲೇ ನಿಕರಾಗುವಾದ ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ಗದ್ದೆಗಳಲ್ಲಿ ಒಂದು ಪ್ರಯತ್ನ ನಡೆಯಿತು. ಕಬ್ಬು ಕಡಿಯುವವರಿಗೆ ಗದ್ದೆಯಲ್ಲೇ ನೆರಳಿನ ಡೇರೆ, ಗಂಟೆಗೊಮ್ಮೆ ಕಡ್ಡಾಯ ವಿರಾಮ, ಕೈಗೆಟುಕುವಷ್ಟು ದೂರದಲ್ಲಿ ನೀರು, ಲವಣದ ಪಾನೀಯ. ವಿರಾಮ ಹೆಚ್ಚಿಸಿದ ಮೇಲೆ ಹಂಗಾಮಿನಲ್ಲಿ ಕಿಡ್ನಿಗೆ ಆಗುವ ಏಟು ಕಡಿಮೆಯಾಯಿತು ಎಂದು 2020ರಲ್ಲಿ ವರದಿಯಾಗಿದೆ. ನೀರು ಮಾತ್ರ ಕೊಟ್ಟು ದುಡಿಮೆಯ ವೇಗ ಇಳಿಸದಿದ್ದರೆ ಸಾಲದು, ವಿರಾಮವೂ ಔಷಧಿಯೇ ಎಂಬುದು ಅಲ್ಲಿನ ಪಾಠ.

ನಮ್ಮಲ್ಲಿ ಇದು ದಾನಧರ್ಮದ ಮಾತಲ್ಲ, ಕಾನೂನಿನ ಮಾತು. 1951ರ ತೋಟ ಕಾರ್ಮಿಕರ ಕಾಯ್ದೆ ಕುಡಿಯುವ ನೀರು, ಹೆಣ್ಣು ಗಂಡಿಗೆ ಪ್ರತ್ಯೇಕ ಶೌಚಾಲಯ, ವೈದ್ಯಕೀಯ ಸೌಲಭ್ಯ ಕೊಡಬೇಕೆಂದು ಹೇಳಿತು. 5 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡದಾದ, 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ ಅದು ಅನ್ವಯವಾಗುತ್ತಿತ್ತು. ಈ ವಿಷಯಗಳನ್ನು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯೊಳಗೆ ಸೇರಿಸಲಾಗಿದೆ. ಅದಕ್ಕಿಂತ ಸಣ್ಣ ತೋಟಗಳು ನಮ್ಮಲ್ಲಿ ಬಹಳ. ಅಲ್ಲಿ ಕಾನೂನು ಮುಟ್ಟದಿದ್ದರೂ ಒಂದು ಡ್ರಮ್ ಶುದ್ಧ ನೀರು, ನಾಲ್ಕು ತಗಡಿನ ಶೌಚಾಲಯ, ಮಾರ್ಚ್, ಏಪ್ರಿಲ್‌ನಲ್ಲಿ ನಡುಮಧ್ಯಾಹ್ನ ಬಿಟ್ಟು ಕೆಲಸ ಮಾಡುವ ಏರ್ಪಾಡು ತೋಟದವರ ಕೈಮೀರಿದ್ದೇನಲ್ಲ. ಮರಗಸಿಯಲ್ಲಿ ನೆರಳನ್ನು ತೀರಾ ಬಯಲು ಮಾಡದಿರುವುದು ಗಿಡಕ್ಕೂ ಒಳ್ಳೆಯದು, ಕೆಳಗೆ ದುಡಿಯುವವರಿಗೂ ಒಳ್ಳೆಯದು.

ಪರೀಕ್ಷೆ ಯಾರಿಗೆ, ಯಾವಾಗ?

ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಮನೆಯಲ್ಲಿ ಕಿಡ್ನಿ ಕಾಯಿಲೆ ಇದ್ದವರು, ತಿಂಗಳುಗಟ್ಟಲೆ ನೋವಿನ ಮಾತ್ರೆ ತಿಂದವರು, ಬಯಲಿನ ಬಿಸಿಲಲ್ಲಿ ವರ್ಷಗಟ್ಟಲೆ ದುಡಿದವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಎರಡನ್ನೂ ಮಾಡಿಸಲಿ. ಇಲಿ ಜ್ವರ, ಹಾವು ಕಡಿತ, ಹೆಜ್ಜೇನು ದಾಳಿಯಲ್ಲಿ ಒಮ್ಮೆ ಕಿಡ್ನಿಗೆ ಏಟಾಗಿ ವಾಸಿಯಾದವರು ಮೂರು ತಿಂಗಳಿಗೆ ಮತ್ತೊಮ್ಮೆ ನೋಡಿಸಲೇಬೇಕು. ಒಮ್ಮೆ ಏಟು ತಿಂದ ಕಿಡ್ನಿಗೆ ಮುಂದೆ ದೀರ್ಘಕಾಲದ ಕಾಯಿಲೆ ಬರುವ ಸಾಧ್ಯತೆ ಹೆಚ್ಚು.

ಬೇಗ ಗೊತ್ತಾದರೆ ಏನು ಲಾಭ ಎಂದು ಕೇಳಬಹುದು. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿ.ಮೀ. ಗುಡ್ಡದ ರಸ್ತೆ. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಿಂದ ಇದೆ ನಿಜ. ಆದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿಗೆ ಆ ದಿನಗಳ ಕೂಲಿ ಇಲ್ಲ, ಜೊತೆಗೆ ಹೋಗುವವರ ಕೂಲಿಯೂ ಇಲ್ಲ, ಬಸ್ಸಿನ ಖರ್ಚು ಬೇರೆ. ಚಿಕಿತ್ಸೆ ಉಚಿತವಾದರೂ ಕಾಯಿಲೆ ಉಚಿತವಲ್ಲ. ಕಾಯಿಲೆಯನ್ನು ಮೊದಲ ಹಂತದಲ್ಲಿ ಹಿಡಿದು, ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿಟ್ಟು, ನೋವಿನ ಮಾತ್ರೆ ಬಿಟ್ಟರೆ ಡಯಾಲಿಸಿಸ್ ದಿನವನ್ನು ವರ್ಷಗಳ ಕಾಲ ದೂಡಬಹುದು, ಎಷ್ಟೋ ಜನರಿಗೆ ಆ ದಿನ ಬಾರದೆಯೂ ಇರಬಹುದು.

ನಿಮ್ಮ ಗುಂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ

1. ಕಾಫಿ ತೋಟದ ಕೆಲಸವೊಂದರಿಂದಲೇ ಕಿಡ್ನಿ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನೆರಳು, ತಂಪು ನಮ್ಮ ಗುಡ್ಡಗಳ ವರ. ಅದನ್ನು ಉಳಿಸಿಕೊಳ್ಳಿ.

2. ಮಳೆಗಾಲದ ಜ್ವರಕ್ಕೆ ಎರಡು ದಿನಕ್ಕಿಂತ ಹೆಚ್ಚು ಕಾಯಬೇಡಿ. ಮೂತ್ರ ಕಡಿಮೆಯಾದರೆ, ಬಣ್ಣ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

3. ಮೈಕೈ ನೋವಿನ ಮಾತ್ರೆ ದಿನನಿತ್ಯದ ಊಟವಲ್ಲ.

4. ಹಾವು ಕಡಿದರೆ ಬೇರು ಅರೆಯುತ್ತಾ ಕೂರಬೇಡಿ, ಗಾಡಿ ಹತ್ತಿಸಿ.

5. ಔಷಧಿ ಹೊಡೆಯುವವರಿಗೆ ಕೈಗವಸು, ಮಾಸ್ಕ್. ಹೆಂಗಸರಿಗೆ ಶೌಚಾಲಯ. ಎಲ್ಲರಿಗೂ ನೀರು ಮತ್ತು ವಿರಾಮ.

ಐದನೆಯದನ್ನು ತೋಟದ ಮಾಲೀಕರು, ರೈಟರು, ಮೇಸ್ತ್ರಿಗಳಿರುವ ಗುಂಪಿಗೆ ಮರೆಯದೆ ಕಳಿಸಿ. ಕೂಲಿಯವರ ಗುಂಪಿಗೆ ಮಾತ್ರ ಕಳಿಸಿದರೆ, ಅವರಿಗೆ ಆಗಲೇ ಗೊತ್ತಿರುವುದನ್ನು ಅವರಿಗೇ ಹೇಳಿದಂತಾಗುತ್ತದೆ.